ಗುರುವಾರದ ಬೆಂಚು

ನನ್ನ ಓದು ಮಿಡ್ಲ್ ಸ್ಕೂಲಿನ ಬಾಗಿಲಲ್ಲೇ ನಿಂತುಹೋಯಿತು. ಅಪ್ಪ ತೀರಿಕೊಂಡ ವರ್ಷ ಸ್ಲೇಟು ಕೆಳಗಿಟ್ಟು ಉಳಿ ಹಿಡಿದೆ. ಅದಕ್ಕೆ ನನಗೇನೂ ಬೇಸರವಿಲ್ಲ. ನಾನು ಮಾಡಿದ ಬಾಗಿಲುಗಳು ವಿದ್ಯಾರಣ್ಯಪುರಂನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಸದ್ದಿಲ್ಲದೆ ತೆರೆಯುತ್ತವೆ, ಮಳೆಗಾಲದಲ್ಲೂ ಬಿಗಿಯುವುದಿಲ್ಲ. ಆದರೆ ಬರೆಯುವುದು ನನ್ನ ಕಸುಬಲ್ಲ. ಇದರ ಕಾಗುಣಿತವನ್ನು ಒಬ್ಬರು ಮೇಷ್ಟ್ರು ತಿದ್ದಿಕೊಟ್ಟಿದ್ದಾರೆ. ಮಾತು ಮಾತ್ರ ನನ್ನದೇ.

ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ಜ್ವರ ಬಂದವನನ್ನು ನೆರೆಯವರು ಗಂಜಿ ಕುಡಿದೆಯಾ ಎಂದು ವಿಚಾರಿಸುತ್ತಾರೆ. ಕಾಲು ಮುರಿದವನನ್ನು ನೋಡಲು ಕಿತ್ತಳೆ ಹಣ್ಣು ಹಿಡಿದು ಬರುತ್ತಾರೆ. ಮೈಮೇಲೆ ಏನಾದರೂ ಎದ್ದರೆ ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಒಂದು ಸಲ ನೋಡಿ ಕಣ್ಣು ಆಚೆಗೆ ತಿರುಗಿಸುತ್ತಾರೆ. ಆಗ ಅವನು ಅಂಗಿಯ ತೋಳು ಇಳಿಬಿಡುತ್ತಾನೆ, ಜನರಿಂದ ಒಂದು ಮಾರು ದೂರ ನಿಲ್ಲಲು ಕಲಿಯುತ್ತಾನೆ. ನಾನೂ ಹಾಗೆ ನಿಂತವನೇ. ಇವತ್ತು ಯಾರಾದರೂ ಹಾಗೆ ನಿಂತಿದ್ದರೆ, ಅವರು ಓದಲಿ ಎಂದು ಇದು.

ಆಗ ನಾನು ಬೀಟೆ ಮರದ ಕೆಲಸಗಾರ. ಬೀಟೆಯ ಹಲಗೆಯ ಮೇಲೆ ಆನೆ, ನವಿಲು, ಹೂಬಳ್ಳಿಗಳ ಆಕಾರವನ್ನು ತೆಳ್ಳಗೆ ಕೊರೆದು, ಆ ಕುಳಿಗೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ, ಮೇಲೆ ಕೈಯಾಡಿಸಿದರೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಯದ ಹಾಗೆ ಉಜ್ಜುವ ಕೆಲಸ. ಮೇಜು, ಪೆಟ್ಟಿಗೆ, ತಟ್ಟೆ ಎಲ್ಲ ಮಾಡುತ್ತಿದ್ದೆವು. ಅರಮನೆ ನೋಡಲು ಬಂದ ದೂರದೂರಿನವರು ಕೊಂಡುಹೋಗುತ್ತಿದ್ದರು. ನಮ್ಮ ಸಾವ್ಕಾರರು ಗಿರಾಕಿಗಳ ಮುಂದೆ ನನ್ನನ್ನು ಕರೆದು, "ಇವ್ನ ಕೈ ನೋಡಿ ಸ್ವಾಮಿ, ಇವ್ನ ಕೈ!" ಎನ್ನುತ್ತಿದ್ದರು. ನಾನು ತಲೆ ಬಗ್ಗಿಸಿ ನಿಲ್ಲುತ್ತಿದ್ದೆ. ಒಳಗೊಳಗೆ ಉಬ್ಬುತ್ತಿದ್ದೆ. ಬೀಟೆ ಕೊಯ್ದಾಗ ಬರುವ ಆ ವಾಸನೆ ನನ್ನ ಬಟ್ಟೆಗೆ, ಕೂದಲಿಗೆ, ಊಟಕ್ಕೂ ಹತ್ತಿರುತ್ತಿತ್ತು. ನನ್ನ ಹೆಂಡತಿ ಕೆಂಪಮ್ಮ, "ನೀವು ಬೀದಿ ತಿರುವಲ್ಲಿ ಇರೋವಾಗ್ಲೇ ಗೊತ್ತಾಯ್ತದೆ" ಎಂದು ನಗುತ್ತಿದ್ದಳು.

ಶುರುವಾದದ್ದು ಬೆರಳ ಸಂದಿಯಲ್ಲಿ. ಮೊದಲು ಬರೀ ನವೆ. ಆಮೇಲೆ ಮುಂಗೈ ಕೆಂಪಾಗಿ ಸಣ್ಣ ಸಣ್ಣ ನೀರುಗುಳ್ಳೆ ಎದ್ದವು, ಒಡೆದವು, ಒಣಗಿ ಬಿರುಕುಬಿಟ್ಟವು. ಕೆಲವು ದಿನ ಬೆಳಿಗ್ಗೆ ರೆಪ್ಪೆ ಊದಿಕೊಂಡು ಕಣ್ಣು ತೆರೆಯುವುದೇ ಕಷ್ಟವಾಗುತ್ತಿತ್ತು. ಅವ್ವ ಬೇವಿನ ಸೊಪ್ಪು ಅರೆದು ಹಚ್ಚಿದಳು, ಅರಿಶಿನ ಹಚ್ಚಿದಳು, ಹೊಂಗೆ ಎಣ್ಣೆ ಹಚ್ಚಿದಳು.

"ಎಲ್ಲೋ ಹುತ್ತ ತುಳ್ದಿದ್ದೀಯ ಕಣ್ಲಾ ಮಗ. ಇದು ನಾಗಪ್ಪನ ಮುನಿಸು" ಎಂದು ಸುಬ್ರಹ್ಮಣ್ಯನಿಗೆ ಹರಕೆ ಕಟ್ಟಿಕೊಂಡಳು.

"ಈ ಪೇಟೇಲಿ ಹುತ್ತ ಎಲ್ಲದೆ ಅವ್ವಾ?" ಎಂದರೆ, "ಹಂಗೆಲ್ಲ ಮಾತಾಡ್ಬ್ಯಾಡ, ಕೇಳಿಸ್ಕೋತಾನೆ" ಎಂದು ನನ್ನ ಬಾಯಿ ಮುಚ್ಚಿಸಿದಳು.

ಯಾರೋ ಹೇಳಿದರೆಂದು ಎಕ್ಕದ ಹಾಲನ್ನೂ ಹಚ್ಚಿಕೊಂಡೆ. ಅಯ್ಯೋ, ಆ ಉರಿ! ಮೊಣಕೈ ಕೆಳಗೆ ಬೊಬ್ಬೆ ಎದ್ದು, ಅದು ಮಾಯ್ದ ಜಾಗದಲ್ಲಿ ಬಿಳಿಚಿಕೊಂಡ ಒಂದು ಮಚ್ಚೆ ಉಳಿಯಿತು. ನವೆ ಕಡಿಮೆಯಾಗಲಿಲ್ಲ. ಮಚ್ಚೆಯೂ ಹೋಗಲಿಲ್ಲ.

ಆ ಮಚ್ಚೆ ನನ್ನ ಜೀವ ತಿಂದಿತು. ನಮ್ಮ ಕಡೆ ಕುಷ್ಠವನ್ನು ಹೆಸರಿಟ್ಟು ಕರೆಯುವುದಿಲ್ಲ, ದೊಡ್ಡ ರೋಗ ಎನ್ನುತ್ತೇವೆ. ಅದು ಬಂದರೆ ಮೈಮೇಲೆ ಹೀಗೇ ಬಿಳಿಚಿದ ಮಚ್ಚೆ ಬೀಳುತ್ತದೆ, ಚುಚ್ಚಿದರೂ ಗೊತ್ತಾಗುವುದಿಲ್ಲ ಎಂದು ಕೇಳಿದ್ದೆ. ಯಾರೂ ಇಲ್ಲದಾಗ ಉಳಿಯ ಮೂಲೆಯಿಂದ ಕೈ ಚುಚ್ಚಿ ಚುಚ್ಚಿ ನೋಡಿಕೊಳ್ಳುತ್ತಿದ್ದೆ. ಕಸುಬಿನವನ ಕೈ ಮೊದಲೇ ಜಡ್ಡುಗಟ್ಟಿರುತ್ತದೆ. ಒಂದು ದಿನ ಚುರುಕ್ ಎಂದರೆ ಇನ್ನೊಂದು ದಿನ ಏನೂ ಅನ್ನಿಸದು. ಅನ್ನಿಸದ ದಿನ ಊಟ ಸೇರುತ್ತಿರಲಿಲ್ಲ.

ನಮ್ಮ ಮಗಳು ಸರೋಜ ಆಗ ಅಂಬೆಗಾಲಿಡುತ್ತಿದ್ದಳು. ನಾನು ಬಾಗಿಲಿಗೆ ಬಂದರೆ ಸಾಕು, ಕೈಚಾಚಿಕೊಂಡು ಬರುತ್ತಿದ್ದಳು. ನಾನು "ಮೈಯೆಲ್ಲ ಧೂಳು" ಎಂದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಇದು ದೊಡ್ಡ ರೋಗವೇ ಆದರೆ ಮನೆ ಬಿಟ್ಟು ಎಲ್ಲಾದರೂ ಹೋಗಿಬಿಡುವುದು, ಮಗಳನ್ನು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಕಾರ್ಖಾನೆಯಲ್ಲಿ ನಾವೆಲ್ಲ ಸಂಜೆ ಟೀ ಕುಡಿಯುತ್ತಿದ್ದೆವು. ಒಂದೇ ತಟ್ಟೆಯ ಮೇಲೆ ಲೋಟಗಳು, ಯಾರು ಬೇಕಾದರೂ ಯಾವುದನ್ನಾದರೂ ತೆಗೆದುಕೊಳ್ಳುತ್ತಿದ್ದೆವು. ಒಂದು ದಿನ ನೋಡುತ್ತೇನೆ, ತಟ್ಟೆಯ ಆಚೆ, ಕಿಟಕಿಯ ಕಟ್ಟೆಯ ಮೇಲೆ, ಒಂದು ಲೋಟ ಒಂಟಿಯಾಗಿ ಕೂತಿದೆ. ಅದು ನನ್ನದು. ಟೀ ಬಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಹಲಗೆ ಉಜ್ಜುತ್ತಾ ಕೂತೆ. ಸ್ವಲ್ಪ ದಿನವಾದ ಮೇಲೆ ಸಾವ್ಕಾರರು ಹತ್ತಿರ ಬಂದು, ಮೆಲ್ಲಗೆ, "ಪುಟ್ಸಾಮಿ, ಕೈ ಯಾರಿಗಾದ್ರೂ ತೋರ್ಸಪ್ಪ. ವಾಸಿ ಮಾಡ್ಕೊಂಡೇ ಬಾ" ಎಂದರು. ಒಳ್ಳೆಯ ಮಾತೇ. ಆದರೆ ಅದೇ ಬಾಯಿ "ಇವ್ನ ಕೈ ನೋಡಿ" ಎನ್ನುತ್ತಿದ್ದದ್ದು ನೆನಪಾಗಿ, ಹತ್ಯಾರವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ಹೊರಟೆ.

ಚಾಮರಾಜಪುರಂ ಕಡೆ ಒಂದು ಧರ್ಮಾಸ್ಪತ್ರೆ ಇದೆ, ಯಾರೋ ವರ್ತಕರು ತಾಯಿಯ ನೆನಪಿಗೆ ಕಟ್ಟಿಸಿದ್ದು. ಅಲ್ಲಿಗೆ ಚರ್ಮದ ಡಾಕ್ಟರು ಬರುತ್ತಿದ್ದದ್ದು ಗುರುವಾರ ಮಾತ್ರ. ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬಂದು, ಜಟಕಾದಲ್ಲಿ ಆಸ್ಪತ್ರೆಗೆ ಬಂದು, ಸಂಜೆ ರೈಲಿಗೆ ವಾಪಸ್ ಹೊರಟುಬಿಡುತ್ತಿದ್ದರು. ಜವಾನ ಮಾದಯ್ಯ ಬಂದವರಿಗೆ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದ. ಬಿಲ್ಲೆ ಸಿಕ್ಕವರಿಗೆ ಆ ದಿನ ದರ್ಶನ, ಉಳಿದವರು ಮುಂದಿನ ಗುರುವಾರ. ರೈಲು ತಡವಾದರೆ ಬಿಲ್ಲೆ ಇದ್ದವರಿಗೂ ಮುಂದಿನ ಗುರುವಾರವೇ ಗತಿ. ಹೀಗೆ ವಾರ ವಾರ ಕಾದು ಕಾದು, ಗುಣವಾಗಿಯೇ ಡಾಕ್ಟರ ಮುಖ ನೋಡಿದವರೂ ಇದ್ದರು.

ಕಾಯುವ ಜಾಗ ಮುಂದಿನ ಜಗಲಿ. ಅಲ್ಲೊಂದು ಉದ್ದ ಬೆಂಚು, ರಸ್ತೆಗೆ ಎದುರಾಗಿ. ಅದರ ಮೇಲೆ ಕೂತವರನ್ನು ರಸ್ತೆಯಲ್ಲಿ ಹೋಗುವ ಜನ ಎರಡೇ ಲೆಕ್ಕಕ್ಕೆ ಸೇರಿಸುತ್ತಿದ್ದರು. ಒಂದು, ದೊಡ್ಡ ರೋಗದವನು. ಇಲ್ಲವೇ, ಹೋಗಬಾರದ ಕಡೆ ಹೋಗಿ ಹತ್ತಿಸಿಕೊಂಡು ಬಂದವನು. ಆ ಕಾಯಿಲೆಗಳಿಗೂ ಚರ್ಮದ ಡಾಕ್ಟರೇ ಅಲ್ಲವೇ! ನಾನು, ಇಷ್ಟು ಹೆಸರು ಮಾಡಿದ ಕೆಲಸಗಾರ, ಆ ಬೆಂಚಿನ ಮೇಲೆ ಕೂರುವುದೇ? ನನಗೊಂದು ಉಪಾಯ ಹೊಳೆಯಿತು. ನನ್ನ ಹತ್ಯಾರದ ಚೀಲ ಹೆಗಲಿಗೆ ಹಾಕಿಕೊಂಡು ಹೋಗುವುದು. ನೋಡಿದವರು ಆಸ್ಪತ್ರೆಗೆ ಏನೋ ಕೆಲಸಕ್ಕೆ ಬಂದಿದ್ದಾನೆ ಅಂದುಕೊಳ್ಳುತ್ತಾರೆ.

ಅಂದುಕೊಂಡರು. ಮೊದಲು ಅಂದುಕೊಂಡವನು ಮಾದಯ್ಯ.

"ಬಂದ್ಯಾ ಆಚಾರಿ! ಅಂತೂ ಬಂದ್ಯಲ್ಲಪ್ಪ. ಹೇಳಿ ಕಳ್ಸಿ ಎಷ್ಟ್ ಕಾಲ ಆಯ್ತು?"

ನಾನು ಆಚಾರಿಯಲ್ಲ, ವರುಣಾ ಕಡೆಯ ಒಕ್ಕಲು ಮನೆಯವನು. ಆದರೆ ಉಳಿ ಹಿಡಿದವರೆಲ್ಲ ಊರಿಗೆ ಆಚಾರಿಯೇ. ಅವರು ಯಾರಿಗೋ ಹೇಳಿ ಕಳಿಸಿದ್ದರು, ಅವನು ಬಂದಿರಲಿಲ್ಲ, ಚೀಲ ಹೊತ್ತು ಬಂದು ಸಿಕ್ಕಿದವನು ನಾನು. ಮಾದಯ್ಯ ಬೆಂಚಿನ ಮೇಲಿದ್ದವರನ್ನೆಲ್ಲ ಎಬ್ಬಿಸಿದ. "ಏಳ್ರಪ್ಪಾ, ಏಳಿ. ಇದು ಒಬ್ರು ಕುಂತ್ರೆ ಇನ್ನೊಬ್ರು ಮೇಲಕ್ಕೆ ಹೋಯ್ತಾರೆ. ಇವತ್ತು ರಿಪೇರಿ."

ನಾನೂ ರೋಗಿಯೇ ಎಂದು ಹೇಳಲು ಬಾಯಿ ತೆರೆದೆ. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿ ಬೆಂಚನ್ನು ತಲೆಕೆಳಗು ಮಾಡಿದೆ.

ನೋಡಿದರೆ ಯಾರೋ ಹಿಂದೆ ಕಾಲಿಗೆ ಬರೀ ಮೊಳೆ ಬಡಿದು ಹೋಗಿದ್ದರು. ಅದನ್ನು ಕಂಡು ನನಗೆ ಕಾಯಿಲೆಯೇ ಮರೆತುಹೋಯಿತು ಎಂದರೆ ನಂಬಬೇಕು. ಮೊಳೆ ಎಲ್ಲ ಕಿತ್ತೆ. ಹಲಗೆಗೂ ಕಾಲಿಗೂ ಒಂದರೊಳಗೊಂದು ಕೂರುವಂತೆ ಕೂಡುಗಚ್ಚು ಕೊರೆದೆ, ಬಿಗಿಯಾಗಿ ಬೆಣೆ ಹೊಡೆದೆ. ಬಿಲ್ಲೆ ಹಂಚಿದ್ದು ಕಾಣಲಿಲ್ಲ, ರೈಲು ಕೂಗಿದ್ದು ಕೇಳಿಸಲಿಲ್ಲ. ಬೆಂಚು ನೆಟ್ಟಗೆ ನಿಲ್ಲಿಸಿ ತಲೆಯೆತ್ತಿದಾಗ ಡಾಕ್ಟರ ಜಟಕಾ ಸ್ಟೇಷನ್ನಿನ ಕಡೆ ಹೊರಟಿತ್ತು.

ಬೆಂಚಿನ ಕೊನೆಗೆ ಒಬ್ಬ ಮುದುಕಿ ಬಂದು ಕೂತಳು. ಹೂವು ಮಾರುವ ನಂಜವ್ವ, ಪಾದದ ಬಿರುಕಿಗೆ ಔಷಧಿ ತೆಗೆದುಕೊಳ್ಳಲು ಬರುತ್ತಿದ್ದವಳು. ಬೆಂಚಿನ ಕಾಲಿನ ಹತ್ತಿರ ನನ್ನ ಕೈಯ ಬಿರುಕಿನಿಂದ ಸೋರಿದ ರಕ್ತದ ಕಲೆ ಇತ್ತು. ಅದನ್ನು ನೋಡಿದಳು, ನನ್ನ ತೋಳು ನೋಡಿದಳು, ಸೆರಗಿನ ತುದಿಯಿಂದ ಆ ಕಲೆಯನ್ನು ಒರೆಸಿದಳು. "ಸಂದಾಗ್ ಮಾಡ್ದೆ ಕಣಪ್ಪ" ಎಂದಳು, ಅಷ್ಟೇ.

ಮನೆಗೆ ಬಂದಾಗ ಕೆಂಪಮ್ಮ ಕೇಳಿದಳು, "ಏನಂದ್ರು ಡಾಕ್ಟ್ರು?"

"ಮುಂದಿನ್ ವಾರ ಬಾ ಅಂದ್ರು."

ಮುಂದಿನ ವಾರ ಹೋದೆ. ಈ ಸಲ ಚೀಲ ಬಿಟ್ಟು ಹೋಗಬಹುದಿತ್ತು. ಆದರೆ ಹೋದ ವಾರ ಬೆಂಚು ಮಾಡಿದವನು ಈ ವಾರ ಅದೇ ಬೆಂಚಿನ ಮೇಲೆ ಕೂತರೆ ಎಲ್ಲರಿಗೂ ತಿಳಿದುಬಿಡುತ್ತದಲ್ಲ! ಚೀಲ ಹೆಗಲಿಗೇರಿತು. ಮಾದಯ್ಯ ಔಷಧಿ ಕೊಡುವ ಕೋಣೆಯ ಬಾಗಿಲು ತೋರಿಸಿದ. ಅದರ ತಿರುಗಣಿ ಸಡಿಲವಾಗಿತ್ತು. ಅವತ್ತು ರೈಲು ಎಷ್ಟು ತಡವಾಯಿತೆಂದರೆ, ಕಾದವರೆಲ್ಲ ತಂದ ಬುತ್ತಿ ಬಿಚ್ಚಿ ತಿಂದು, ಎಲೆ ಅಡಿಕೆ ಹಾಕಿಕೊಂಡು, ಡಾಕ್ಟರನ್ನು ನೋಡದೆಯೇ ಎದ್ದು ಹೋದರು.

ಅದರ ಮುಂದಿನ ವಾರದ್ದನ್ನು ನೆನೆದರೆ ಈಗ ನಗು ಬರುತ್ತದೆ. ಮಾದಯ್ಯ ನನ್ನನ್ನು ನೇರವಾಗಿ ಡಾಕ್ಟರ ಕೋಣೆಯೊಳಕ್ಕೇ ಕರೆದುಕೊಂಡು ಹೋದ. ಮೇಜಿನ ಸೆಳೆಖಾನೆ ಎಳೆದರೆ ಬಾರದಂತೆ ಸಿಕ್ಕಿಹಾಕಿಕೊಂಡಿತ್ತು. ನಾನು ಮಂಡಿಯೂರಿ ಕೂತೆ. ಡಾಕ್ಟರು ನನ್ನ ಪಕ್ಕದಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದರು. ಕೋಣೆಯಲ್ಲಿ ನಾವಿಬ್ಬರೇ. ಹೊರಗೆ ಜನ ವಾರಗಟ್ಟಲೆ ಕಾದು ಪಡೆಯುವ ಜಾಗದಲ್ಲಿ ನಾನು ಪುಕ್ಕಟೆ ಕೂತಿದ್ದೇನೆ! ಸಾರ್, ನನ್ನ ಕೈ ಸ್ವಲ್ಪ ನೋಡಿ ಎಂದರೆ ಮುಗಿಯಿತು. ಮಾತು ಗಂಟಲಿಗೆ ಬಂತು. ಅವರು ಹೌದು, ಇದು ಅದೇ ಎಂದುಬಿಟ್ಟರೆ? ಇವತ್ತು ಸಂಜೆಯೇ ಮನೆ ಬಿಡಬೇಕಾಗುತ್ತದಲ್ಲ ಎಂಬ ಯೋಚನೆಯೂ ಅದರ ಹಿಂದೆಯೇ ಬಂತು.

"ಸ್ವಲ್ಪ ಬೇಗ ಮುಗಿಸಿಪ್ಪ, ಹೊರಗಡೆ ಪೇಷೆಂಟುಗಳು ಕಾಯ್ತಾ ಇದಾರೆ" ಎಂದರು ಡಾಕ್ಟರು.

"ಆಯ್ತು ಸಾರ್" ಎಂದು ಮೇಣ ಹಚ್ಚಿ, ಸೆಳೆಖಾನೆ ತಳ್ಳಿ ತೋರಿಸಿ, ಕೈ ಮುಗಿಯುವಾಗಲೂ ತೋಳು ಎಳೆದುಕೊಂಡು ಹೊರಗೆ ಬಂದೆ.

ನಾನು ಎಣಿಸದೇ ಇದ್ದ ಒಂದು ವಿಷಯವಿತ್ತು. ನಂಜವ್ವ ಹೂವು ಮಾರುತ್ತಿದ್ದದ್ದು ನಮ್ಮ ಬೀದಿಯ ಸುತ್ತಮುತ್ತಲೇ. ನನ್ನ ಮುಖ ಅವಳಿಗೆ ಗೊತ್ತಿರಲಿಲ್ಲ, ನಾನು ಹಗಲೆಲ್ಲ ಕಾರ್ಖಾನೆಯಲ್ಲಿರುತ್ತಿದ್ದವನು. ಕೆಲಸ ಬಿಟ್ಟು ಮನೆಯಲ್ಲಿದ್ದ ಆ ದಿನಗಳಲ್ಲಿ ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಸೌದೆ ಸೀಳುತ್ತಿದ್ದೆ. ಬಾಗಿಲಲ್ಲಿ ಹೂವು ಅಳೆದುಕೊಡುತ್ತಿದ್ದವಳು ನನ್ನನ್ನು ಕಂಡಳು. ಅವಳ ಗಂಟಲು ಹಿತ್ತಲಿಗೆಲ್ಲ ಕೇಳಿಸಿತು.

"ಅವ್ನು ನಿನ್ ಗಂಡನಾ? ಅಯ್ ನನ್ ಕಂದಾ! ಬೆಂಚು ರಿಪೇರಿ ಮಾಡ್ದ, ಬಾಗ್ಲು ರಿಪೇರಿ ಮಾಡ್ದ, ಡಾಕ್ಟ್ರ ಮೇಜೂ ರಿಪೇರಿ ಮಾಡ್ದ. ಅವ್ನ ಕೈ ಯಾವಾಗವ್ವ ರಿಪೇರಿ ಮಾಡಿಸ್ಕೋತಾನೆ?"

ಸ್ವಲ್ಪ ಹೊತ್ತಿಗೆ ಕೆಂಪಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಕೊಡಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಗೋಡೆಗೆ ಒರಗಿಸಿದಳು.

"ಏನಂತ ಹೆದ್ರಿಕೊಂಡಿದ್ದೀರಿ?"

ನಾನು ತೋಳು ಮೇಲೆತ್ತಿ ಮಚ್ಚೆ ತೋರಿಸಿದೆ. ಅವಳೇನು ಅದನ್ನು ನೋಡಿರಲಿಲ್ಲವೇ? ನೋಡಿದ್ದಳು. ನಾನಾಗಿ ತೋರಿಸಿದ್ದು ಅದೇ ಮೊದಲು.

"ದೊಡ್ಡ ರೋಗ ಆಗಿದ್ರೆ ನಾನು ಇಲ್ಲಿರಾಕಿಲ್ಲ" ಎಂದೆ.

"ಎಲ್ಲಿಗೋಯ್ತೀರಿ?"

"ಎಲ್ಲಿಗೋ."

"ಸರಿ. ಎಲ್ಲಿಗೆ ಅಂತ ಮೊದ್ಲೇ ಹೇಳಿ, ನಾನೂ ಪಾತ್ರೆ ಪಗಡೆ ಕಟ್ಕೋಬೇಕು" ಎಂದಳು. ಒಳಗೆ ಹೋಗಿ ಸರೋಜಳನ್ನು ಎತ್ತಿಕೊಂಡು ಬಂದು, ನಾನು ಹಿಂದೆ ಸರಿಯುವ ಮೊದಲೇ ನನ್ನ ತೊಡೆಯ ಮೇಲೆ ಕೂರಿಸಿಬಿಟ್ಟಳು. ಮಗು ನನ್ನ ಮೀಸೆ ಹಿಡಿದುಕೊಂಡಿತು. ನಾನು ಕೈಗಳನ್ನು ಗಾಳಿಯಲ್ಲೇ ಎತ್ತಿ ಹಿಡಿದು ಕೂತಿದ್ದೆ, ಎಲ್ಲಿಡಬೇಕೋ ಗೊತ್ತಾಗದೆ.

ಆ ಗುರುವಾರ ಹತ್ಯಾರದ ಚೀಲ ಕಾಣಲಿಲ್ಲ. ಕೆಂಪಮ್ಮ ಅದನ್ನು ಅವ್ವನ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದ್ದಳು. ಮಗುವನ್ನು ಅವ್ವನ ಹತ್ತಿರ ಬಿಟ್ಟು ನನ್ನ ಜೊತೆ ಹೊರಟಳು. ಆಸ್ಪತ್ರೆಯ ಬೇವಿನ ಮರದ ಹತ್ತಿರ ಬರುತ್ತಲೇ ನನ್ನ ಕಾಲು ತಾನಾಗಿ ನಿಂತಿತು. ಅವಳು ನಿಲ್ಲಲಿಲ್ಲ. ಜಗಲಿ ಹತ್ತಿ, ಹೋಗಿ, ಬೆಂಚಿನ ನಡುವೆ ತಾನೇ ಕೂತುಬಿಟ್ಟಳು. ಮೈಮೇಲೆ ಒಂದು ಗುಳ್ಳೆಯೂ ಇಲ್ಲದ ಹೆಂಗಸು, ಇಡೀ ಊರಿಗೆ ಕಾಣುವಂತೆ ಆ ಬೆಂಚಿನ ಮೇಲೆ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು.

"ಬನ್ನಿ. ನೀವೇ ಮಾಡಿದ್ ಬೆಂಚಲ್ವಾ? ಬೀಳಾಕಿಲ್ಲ."

ಹೋಗಿ ಕೂತೆ. ಬೆಂಚು ಅಲ್ಲಾಡಲಿಲ್ಲ. ಆ ಹೊತ್ತಿನಲ್ಲೂ ಅದೊಂದು ಸಮಾಧಾನ.

ಮಾದಯ್ಯ ಬಿಲ್ಲೆಗಳ ಡಬ್ಬ ಹಿಡಿದು ಬಂದ. "ಏನಾಚಾರಿ, ಕುಂತ್ಬುಟ್ಯಲ್ಲ? ಹಿಂದ್ಗಡೆ ಕಿಟ್ಕಿ ರೆಕ್ಕೆ ಒಂದು..."

"ಇವತ್ತು ಅವ್ರು ಕೆಲ್ಸಕ್ಕೆ ಬಂದಿಲ್ಲ ಕಣಣ್ಣ. ಕೈ ತೋರ್ಸಾಕೆ ಬಂದವ್ರೆ. ಬಿಲ್ಲೆ ಕೊಡು" ಎಂದಳು ಕೆಂಪಮ್ಮ.

ಮಾದಯ್ಯ ನನ್ನನ್ನೂ ಬೆಂಚನ್ನೂ ಬಾಗಿಲನ್ನೂ ಒಂದೊಂದಾಗಿ ನೋಡಿದ. ಮುಖ ಪೆಚ್ಚಾಯಿತು. "ಮೂರು ವಾರದಿಂದ... ಅಯ್ಯೋ ಶಿವನೇ, ಒಂದ್ ಮಾತು ಹೇಳಕ್ಕೇನಾಗಿತ್ತು ನಿಂಗೆ? ಸಿಕ್ಕಿದ್ ಕೆಲ್ಸ ಎಲ್ಲ ಮಾಡಿಸ್ಕೊಂಬುಟ್ಟೆನಲ್ಲಪ್ಪ!" ಡಬ್ಬದಿಂದ ಮೊದಲ ಬಿಲ್ಲೆಯನ್ನೇ ತೆಗೆದು ಚಾಚಿದ. ನಾನು ನಂಜವ್ವನ ಕಡೆ ನೋಡಿದೆ. ಅವಳು ನನಗಿಂತ ಮೊದಲು ಬಂದವಳು. "ಅವ್ರಿಗೆ ಕೊಡು. ನನ್ನ ಸರದೀಲಿ ನಂಗೆ ಕೊಡು" ಎಂದೆ. ಗರ್ವ ಎಂದರೆ ಗರ್ವ. ಆದರೆ ರೋಗಿಯಾಗಿ ಕೂತ ಮೇಲೆ ಎಲ್ಲರ ಹಾಗೇ ಕೂರಬೇಕು ಅನ್ನಿಸಿತು.

ಆ ದಿನ ಕಾದಷ್ಟು ಹಗುರವಾಗಿ ನಾನು ಯಾವತ್ತೂ ಕಾದಿಲ್ಲ. ದೂರದಿಂದ ನೋಡುವಾಗ ಆ ಬೆಂಚು ಪಾಪಿಗಳ ಸಾಲಿನಂತೆ ಕಾಣುತ್ತಿತ್ತು. ಕೂತು ನೋಡಿದರೆ ಮದುವೆ ಮನೆಯ ಚಪ್ಪರ. ಗಜಕರ್ಣ ಹತ್ತಿದ್ದ ಹೋಟೆಲ್ ಭಟ್ಟರೊಬ್ಬರು ಯಾವ ಮುಲಾಮು ಎಷ್ಟು ಉರಿಯುತ್ತದೆಂದು ಸಾಂಬಾರಿನ ಖಾರಕ್ಕೆ ಹೋಲಿಸಿ ಹೇಳುತ್ತಿದ್ದರು. ನಂಜವ್ವ ಉಳಿದ ಮೊಗ್ಗು ಕಟ್ಟುತ್ತಾ, "ಕೆರ್ಕೋಬ್ಯಾಡ ಕಣಪ್ಪ, ಮಾತಾಡು. ಬಾಯಿಗೆ ಕೆಲ್ಸ ಕೊಟ್ರೆ ಕೈ ಸುಮ್ನಿರ್ತದೆ" ಎಂದಳು. ಅದು ನಿಜವಾಗಿಯೂ ಕೆಲಸ ಮಾಡಿತು. ದೂರದಲ್ಲಿ ರೈಲು ಕೂಗಿದಾಗ ಎಲ್ಲರೂ ಒಟ್ಟಿಗೆ "ಬಂತು!" ಎಂದರು. ನಾನೂ ಎಂದೆ.

ನನ್ನ ಸರದಿ ಬಂದಾಗ ಬಿಸಿಲು ಇಳಿಯುತ್ತಿತ್ತು. ಡಾಕ್ಟರು ನನ್ನನ್ನು ನೋಡಿ, "ಡ್ರಾಯರ್ ಈಗ ಚೆನ್ನಾಗಿದೆಯಪ್ಪ" ಎಂದರು. ಆಮೇಲೆ ನನ್ನ ಕೈಯಲ್ಲಿ ಬಿಲ್ಲೆ ಕಂಡು ಕುರ್ಚಿ ತೋರಿಸಿದರು. "ತೋಳು ಮೇಲೆ ಮಾಡಿ."

ಮಾಡಿದೆ. ಅವರು ಹಿಂದೆ ಸರಿಯಲಿಲ್ಲ. ಬರಿಗೈಯಲ್ಲಿ ನನ್ನ ಕೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ಎಷ್ಟು ದಿನವಾಗಿತ್ತು, ಹೊರಗಿನವರೊಬ್ಬರು ನನ್ನ ಕೈ ಮುಟ್ಟಿ! ಅದೊಂದಕ್ಕೇ ನನ್ನ ಕಣ್ಣು ತುಂಬಿತು. ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಹತ್ತಿಯ ಎಳೆಯಿಂದ ಮಚ್ಚೆಯ ಮೇಲೆ ಸವರಿದರು.

"ಮುಟ್ಟಿದಾಗೆಲ್ಲ ಹೇಳಿ."

"ಈಗ... ಈಗ... ಈಗ."

ಸೂಜಿಯ ಮೊನೆ ತಾಗಿಸಿದರು. "ಹಾ!" ಎಂದೆ. ನೋವಾಯಿತಲ್ಲ ಎಂದು ನಾನು ಹಿಗ್ಗಿದ್ದು ಅದೊಂದೇ ಸಲ.

ಅವರು ನನ್ನ ಮೊಣಕೈ ಅದುಮಿ ನೋಡಿದರು, ಕಿವಿ ನೋಡಿದರು. "ಇದರ ಮೇಲೆ ಏನು ಹಚ್ಚಿದ್ರಿ?"

"ಎಕ್ಕದ ಹಾಲು."

"ನಿಮ್ಮ ಮೇಜಿನ ಮೇಲೆ ಆಸಿಡ್ ಸುರೀತೀರಾ? ಮೈಮೇಲೆ ಸುರ್ಕೊಂಡಿದ್ದೀರಲ್ಲ! ಇದು ಸುಟ್ಟ ಕಲೆ, ಅಷ್ಟೇ. ನೀವು ಅಂದುಕೊಂಡದ್ದಲ್ಲ."

ನಾನು ಏನು ಅಂದುಕೊಂಡಿದ್ದೆನೆಂದು ಬಾಯಿಬಿಟ್ಟು ಹೇಳಿರಲೇ ಇಲ್ಲ. ಆ ಬೆಂಚಿನಿಂದ ಒಳಗೆ ಬಂದವರೆಲ್ಲ ಅದನ್ನೇ ಅಂದುಕೊಂಡು ಬರುತ್ತಿದ್ದರೇನೋ. ಕೆಂಪಮ್ಮ ಬಾಗಿಲ ಹತ್ತಿರ ನಿಂತಿದ್ದಳು. "ಹಂಗಾದ್ರೆ ಮಗೀನ ಎತ್ಕೋಬೌದಾ ಸಾಮಿ?" ಎಂದು ಕೇಳಿದಳು.

"ಎತ್ಕೊಳ್ಳಿ, ಊಟ ಮಾಡಿಸಿ, ಮುದ್ದು ಮಾಡಿ. ಇದು ಇವರಿಂದ ಯಾರಿಗೂ ಅಂಟಲ್ಲ" ಎಂದು ಡಾಕ್ಟರು ನನ್ನ ಕಡೆ ತಿರುಗಿದರು. "ಯಾವ ಮರದಲ್ಲಿ ಕೆಲಸ?"

"ಬೀಟೆ ಸಾರ್." ಹೇಳುವಾಗ ಎದೆ ತಾನಾಗಿ ಮುಂದೆ ಬಂತು.

"ಅದರ ಹೊಟ್ಟು ನಿಮ್ಮ ಮೈಗೆ ಆಗಲ್ಲ. ಅದನ್ನ ಬಿಡಬೇಕು."

ಇದು ನಾನು ಎಣಿಸದ ಪೆಟ್ಟು. ಹದಿವಯಸ್ಸಿನಿಂದ ಅದೇ ಮರದೊಳಗೆ ಬೆಳೆದವನು ನಾನು. ಇಷ್ಟು ವರ್ಷ ಮೈಗೆ ಒಗ್ಗಿದ ಮರ ಈಗ ಒಗ್ಗದೆ ಹೋಗುವುದೇ? ನಂಬಲಿಲ್ಲ. ಆದರೂ ಅವರು ಹೇಳಿದ ಹಾಗೆ ಔಷಧಿ ಬೆರೆಸಿದ ನೇರಳೆ ಬಣ್ಣದ ನೀರಿನಲ್ಲಿ ಕೈ ನೆನೆಸಿದೆ, ಬಿಳಿ ಮುಲಾಮು ಹಚ್ಚಿದೆ. ಅವ್ವನ ಹಳೇ ಸೀರೆಯಲ್ಲಿ ಕೆಂಪಮ್ಮ ಹೊಲಿದುಕೊಟ್ಟ ಚೀಲಗಳನ್ನು ಕೈಗೆ ಹಾಕಿಕೊಂಡು ಮಲಗಿದೆ. ವಾರಗಳು ಕಳೆದಂತೆ ಕೈ ಹೊಸ ಹಲಗೆಯ ಹಾಗೆ ಆಯಿತು. ಅವ್ವ ಸುಬ್ರಹ್ಮಣ್ಯನ ಹರಕೆ ತೀರಿಸಿ ಬಂದಳು. ಗುಣಮಾಡಿದ್ದು ಅವನೇ ಎಂದು ಇವತ್ತಿಗೂ ಅವಳ ವಾದ. ಡಾಕ್ಟರೂ ಗುರುವಾರ ಬಿಟ್ಟು ಬೇರೆ ದಿನ ಬರುವುದಿಲ್ಲವಲ್ಲ, ಉಳಿದ ದಿನ ನೋಡಿಕೊಂಡವರು ಯಾರು ಎಂದು ಕೇಳುತ್ತಾಳೆ.

ಕೈ ಗುಣವಾಯಿತಲ್ಲ, ಡಾಕ್ಟರ ಮಾತು ಪರೀಕ್ಷಿಸಿಯೇ ಬಿಡೋಣ ಎಂದು ಒಂದು ಬೆಳಿಗ್ಗೆ ಕಾರ್ಖಾನೆಗೆ ಹೋದೆ. ಸಾವ್ಕಾರರು ಸಂತೋಷಪಟ್ಟರು. ಡಾಕ್ಟರು ಹೇಳಿದ್ದನ್ನು ಕೇಳಿದ ಮೇಲೆ ಲೋಟಗಳೂ ಒಂದೇ ತಟ್ಟೆಗೆ ಬಂದವು. ಎಷ್ಟೋ ದಿನದ ಮೇಲೆ ಬೀಟೆ ಕೊಯ್ದೆ. ಆ ವಾಸನೆಗೆ ಮನಸ್ಸು ತುಂಬಿತು. ಮಾರನೇ ದಿನ ಬೆಳಿಗ್ಗೆ ರೆಪ್ಪೆ ಊದಿ ಕಣ್ಣೇ ತೆರೆಯಲಾಗಲಿಲ್ಲ. ಕೆಂಪಮ್ಮ ಒದ್ದೆ ಬಟ್ಟೆ ಕಣ್ಣಿನ ಮೇಲಿಟ್ಟು, "ಡಾಕ್ಟ್ರ ಮಾತು ಪರೀಕ್ಷೆ ಆಯ್ತಾ? ಪಾಸಾದ್ರಾ ಅವ್ರು?" ಎಂದಳು.

ಬೀಟೆ ಬಿಟ್ಟೆ. ಸುಲಭವಾಗಿ ಬಿಟ್ಟೆ ಎಂದು ಸುಳ್ಳು ಹೇಳುವುದಿಲ್ಲ. ಆದರೆ ತೇಗ ಇದೆ, ಹಲಸು ಇದೆ. ಅವು ನನ್ನ ಮೈಗೆ ಒಗ್ಗಿದವು. ವಿದ್ಯಾರಣ್ಯಪುರಂನಲ್ಲಿ ಹೊಸ ಮನೆಗಳು ಏಳುತ್ತಿದ್ದ ಕಾಲ. ಬಾಗಿಲು, ಕಿಟಕಿ, ಮಂಚ, ತೊಟ್ಟಿಲು ಮಾಡುವ ಸ್ವಂತ ಅಂಗಡಿ ಹಾಕಿದೆ. ಆನೆ ನವಿಲು ಕೂರಿಸುವ ಕೈಗೆ ಬಾಗಿಲಿನ ಕೆಲಸ ಏನು ಮಹಾ ಎಂದುಕೊಂಡಿದ್ದೆ. ಮಳೆಗಾಲದಲ್ಲಿ ಬಿಗಿಯದ ಬಾಗಿಲು ಮಾಡಲು ಹೊರಟಾಗ ಗೊತ್ತಾಯಿತು ಅದರ ಮಜಾ. ಈಗಲೂ ಯಾರಾದರೂ ಬೀಟೆ ಕುರ್ಚಿ ರಿಪೇರಿಗೆ ತಂದರೆ ಹಳೇ ಕಾರ್ಖಾನೆಗೆ ಕಳಿಸುತ್ತೇನೆ. ಕಳಿಸುವ ಮುನ್ನ ಕುರ್ಚಿಯ ಕೈಯ ಮೇಲೆ ಒಂದು ಸಲ ಬೆರಳಾಡಿಸುತ್ತೇನೆ. ಉಜ್ಜಿ ಮುಗಿಸಿದ ಮರ ಏನೂ ಮಾಡುವುದಿಲ್ಲ.

ಅಂಗಡಿ ಸ್ವಲ್ಪ ನಿಂತ ಮೇಲೆ ನಾನು ಮಾಡಿದ ಮೊದಲ ದೊಡ್ಡ ಕೆಲಸ ಆಸ್ಪತ್ರೆಯ ಬೆಂಚು. ಯಾರೂ ಹೇಳಿರಲಿಲ್ಲ. ಹಲಸಿನ ಮರದ್ದು, ಹಳೆಯದಕ್ಕಿಂತ ಉದ್ದ. ಒರಗು ಹಲಗೆಯನ್ನು ಎತ್ತರ ಮಾಡಿದೆ, ಕೂತವರ ಹೆಗಲು ಮುಚ್ಚುವಷ್ಟು. ಮಾದಯ್ಯನೂ ನಾನೂ ಹೊತ್ತು ಜಗಲಿಗೆ ತಂದಾಗ ಅವನು ಮೊದಲಿನಂತೆ ರಸ್ತೆಗೆ ಎದುರಾಗಿ ಇಡಲು ಹೋದ.

"ತಿರುಗ್ಸು" ಎಂದೆ. ಬೆನ್ನು ರಸ್ತೆಗೆ, ಮುಖ ಒಳಗಿನ ಅಂಗಳಕ್ಕೆ.

"ಯಾಕಪ್ಪ?"

"ಕೂತ್ನೋಡು."

ಕೂತು ನೋಡಿದ. ಎದ್ದು, ಅದರ ತುದಿಯನ್ನು ತಾನೇ ನೇರ ಮಾಡಿದ. ಅವತ್ತಿನಿಂದ ಬೆಂಚು ಹಾಗೇ ಇದೆ.

ಆಗಾಗ ಗುರುವಾರ ಹೋಗಿ ಅದರ ಕಾಲು ನೋಡಿ ಬರುತ್ತೇನೆ. ಹೋದ ತಿಂಗಳೂ ಹೋಗಿದ್ದೆ. ಬೇವಿನ ಮರದ ಕೆಳಗೆ ಒಬ್ಬರು ನಿಂತಿದ್ದರು. ನಮ್ಮ ಬಡಾವಣೆಯ ಸ್ಕೂಲಿನ ಮೇಷ್ಟ್ರು. ಬಿಸಿಲು ಸುಡುತ್ತಿದ್ದರೂ ಅಂಗಿಯ ತೋಳಿಗೆ ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಂಡಿದ್ದರು. ಕಂಕುಳಲ್ಲಿ ಪುಸ್ತಕಗಳ ಕಟ್ಟು, ಯಾರಿಗೋ ಕೊಡಲು ಬಂದವರ ಹಾಗೆ. ಜಗಲಿಯ ಕಡೆ ನೋಡುವುದು, ರಸ್ತೆಯ ಕಡೆ ನೋಡುವುದು, ಕಟ್ಟನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸುವುದು.

ನಾನು ಹೋಗಿ ಬೆಂಚಿನ ನಡುವೆ ಕೂತೆ. ನನ್ನ ಅಂಗಿಯ ತೋಳು ಮಡಚಿ ಮೇಲೆ ಮಾಡಿದೆ, ಆ ಹಳೇ ಮಚ್ಚೆ ಕಾಣುವ ಹಾಗೆ. ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದೆ.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ರೈಲು ಇನ್ನೂ ಬಂದಿಲ್ಲ."